ಅಪ್ಪನ 41 ಫ್ಲಾಪಿ ಮತ್ತೆ ಕಾಸರಗೋಡಿನ ಆ ರೇಡಿಯೋ ರಿಪೇರಿ ಅಂಗಡಿ

ಮೊದಲು ಒಂದು ವಿಷಯ ಹೇಳಿಬಿಡ್ತೇನೆ, ಮತ್ತೆ ಪುರುಸೊತ್ತಿಲ್ಲದವರು ಓದುವುದು ಬಿಟ್ರೂ ಅಡ್ಡಿಯಿಲ್ಲ. ಮನೆಯ ಅಟ್ಟದಲ್ಲೋ ಕಪಾಟಿನಲ್ಲೋ ಹಳೆ ಫ್ಲಾಪಿ (ಮೊದಲೆಲ್ಲ ಕಂಪ್ಯೂಟರಿನ ಫೈಲು ಉಳಿಸಿಡ್ತಿದ್ದ ಚೌಕದ ತೆಳು ಡಿಸ್ಕ್) ಸಿಕ್ಕಿದ್ರೆ ದಯವಿಟ್ಟು ಅದನ್ನು ಯಾವ ಡ್ರೈವಿಗೂ, ಅಂದ್ರೆ ಅದನ್ನು ಓದುವ ಯಂತ್ರಕ್ಕೂ, ಹಾಕಿ ನೋಡ್ಲಿಕ್ಕೆ ಹೋಗ್ಬೇಡಿ. "ಒಮ್ಮೆ ಹಾಕಿ ನೋಡುವ, ಓಡಿದ್ರೆ ಓಡ್ಲಿ" ಅಂತ ಅನ್ನಿಸ್ತದೆ, ಗೊತ್ತುಂಟು, ನಮಗೂ ಹಾಗೇ ಅನ್ನಿಸಿದ್ದು, ಆ ಒಂದು ಸಲದಲ್ಲೇ ಅಪ್ಪನ ಎರಡು ಫ್ಲಾಪಿ ಹೋಯ್ತು, ಅದು ಇನ್ನು ಬರುವುದಿಲ್ಲ. ಉಳಿದದ್ದು ಬಂದದ್ದು ಕಾಸರಗೋಡು ಪೇಟೆಯ ಒಂದು ಸಣ್ಣ ರೇಡಿಯೋ ರಿಪೇರಿ ಅಂಗಡಿಯಿಂದ. ಅವರ ಕೆಲಸದ ಬಗ್ಗೆ ಬರೀಬೇಕು ಅಂತ ಮೂರು ತಿಂಗಳಿಂದ ಅಂದ್ಕೊಳ್ತಾ ಇದ್ದೆ, ಇವತ್ತು ಕೂತಿದ್ದೇನೆ, ಉದ್ದ ಆಗ್ತದೆ.

ಅಪ್ಪ ಬದಿಯಡ್ಕದ ಕಡೆ ಶಾಲೆಯಲ್ಲಿ ಕನ್ನಡ ಮಾಷ್ಟ್ರಾಗಿದ್ದವರು, ಈಗ 81 ವರ್ಷ. 1991ರಿಂದ 96ರ ತನಕ ರಜೆ ಸಿಕ್ಕಿದಾಗೆಲ್ಲ ಒಂದು ನೋಟ್‌ಬುಕ್ ಹಿಡ್ಕೊಂಡು ಪೆರ್ಲ, ಮುಳ್ಳೇರಿಯಾ, ಅಡೂರು, ಕುಂಬಳೆ ಅಂತ ತಿರುಗ್ತಾ ಇದ್ರು. ನಾಟಿ ಮಾಡುವ ಅಜ್ಜಿಯಂದಿರು ಹೇಳ್ತಿದ್ದ ಪಾಡ್ದನ, ಓಬೇಲೆ ಅನ್ನುವ ತುಳು ಹಾಡುಗಳು, ತಾಳಮದ್ದಳೆಯ ಹಿರಿಯ ಅರ್ಥಧಾರಿಗಳು ಹಳೆ ಕೂಟದ ಬಗ್ಗೆ ಹೇಳಿದ ಮಾತು, ಒಂದೊಂದು ಗದ್ದೆಗೆ ಇದ್ದ ಹೆಸರು, ಹೀಗೆ ಸಿಕ್ಕಿದ್ದೆಲ್ಲ ಬರ್ಕೊಂಡು ಬಂದು, ಚಿಕ್ಕಪ್ಪನ ಪ್ರೆಸ್ಸಿನಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಎಕ್ಸ್‌ಟಿ ಕಂಪ್ಯೂಟರ್ ಇತ್ತು, ಅದರಲ್ಲಿ ರಾತ್ರಿ ಕೂತು ಟೈಪ್ ಮಾಡ್ತಿದ್ರು. ಆ ಕಂಪ್ಯೂಟರಿನೊಳಗೆ ಸಿಡ್ಯಾಕ್ ಅನ್ನುವ ಸರಕಾರಿ ಕಂಪ್ಯೂಟರ್ ಸಂಸ್ಥೆಯವರ ಜಿಸ್ಟ್ ಕಾರ್ಡ್ ಕೂತಿತ್ತು, ಅದರಿಂದಾಗಿ ವಿಂಡೋಸಿಗಿಂತ ಹಿಂದಿನ ಡಾಸ್‌ನಲ್ಲೇ ಕನ್ನಡ ಬರ್ತಿತ್ತು. ನಾನಾಗ ಏಳನೇ ಕ್ಲಾಸು, ಸ್ಕ್ರೀನಿನಲ್ಲಿ ಹಸಿರು ಬಣ್ಣದಲ್ಲಿ "ಕ" ಮೂಡಿದ್ದು ನೋಡ್ಲಿಕ್ಕೆ ಅಂತಲೇ ಅಪ್ಪನ ಜೊತೆ ಹೋಗ್ತಿದ್ದೆ. ನೋಟ್‌ಬುಕ್ ಎಲ್ಲ 2004ರ ಮಳೆಗಾಲದಲ್ಲಿ ಒರಲೆ ತಿಂದು ಮಣ್ಣಾಯ್ತು. ಹೇಳಿದ ಅಜ್ಜಿಯಂದಿರಲ್ಲಿ ಈಗ ಒಬ್ಬರೂ ಇಲ್ಲ. ಅಂದ್ರೆ ಇರುವುದು ಫ್ಲಾಪಿ ಮಾತ್ರ, 5.25 ಇಂಚಿನದ್ದು 41, ಅದರ ನಂತರದ ಸಣ್ಣ 3.5 ಇಂಚಿನದ್ದು 12, ಮತ್ತೆ ಪ್ರೆಸ್ಸಿನ ಆ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಒಂದು, ಇಟ್ಟಿಗೆಯಷ್ಟು ಭಾರದ್ದು.

ದೊಡ್ಡ ಫ್ಲಾಪಿ 41 ಇದ್ದದ್ದು ನಮ್ಮ ಮನೆಯಲ್ಲೇ, ಎರಡು ಕಡೆ. 23 ಪಡುವಣ ಕೋಣೆಯ ಸ್ಟೀಲ್ ಕಪಾಟಿನಲ್ಲಿ, ಬೀಗ ಹಾಕಿ, ಜೋಪಾನ ಮಾಡಿದ್ದು ಅಂತ ನಮ್ಮ ಲೆಕ್ಕ. 18 ಬಿಸ್ಕಿಟಿನ ತಗಡಿನ ಡಬ್ಬಿಯಲ್ಲಿ ಅಡಿಗೆ ಕೋಣೆಯ ಅಟ್ಟದಲ್ಲಿ, ಅದು ಅಲ್ಲಿಗೆ ಹೇಗೆ ಹೋಯ್ತು ಅಂತ ಯಾರಿಗೂ ಗೊತ್ತಿಲ್ಲ. ವರ್ಷಕ್ಕೆ 3000 ಮಿಲಿಮೀಟರ್ ದಾಟುವ ಮಳೆಯ ಊರು ನಮ್ಮದು, ಪಡುವಣ ಗೋಡೆ ಜೂನಿಂದ ಸೆಪ್ಟೆಂಬರ್ ತನಕ ಒದ್ದೆಯೇ. ಕಪಾಟು ತೆಗೆದ್ರೆ ಫ್ಲಾಪಿಗಳಿಗೆ ಬೂಷ್ಟು ಹಿಡಿದು ಬಿಳಿ ಬಿಳಿ, ಅಟ್ಟದ ಡಬ್ಬಿಯೊಳಗಿನದ್ದು ಮುಚ್ಚಳಕ್ಕೆ ಒಲೆಯ ಹೊಗೆಯ ಕರಿ ಮೆತ್ತಿದ್ದು ಬಿಟ್ರೆ ಒಳಗೆ ಗರಿಗರಿ ಒಣಗಿ ಚಂದ ಇತ್ತು. ಒಲೆ ಉರಿಯುವ ಮನೆಯ ಅಟ್ಟದಲ್ಲಿ ಬೀಜದ ಅಕ್ಕಿ, ಬೆಲ್ಲ, ಹುಣಸೆ ಎಲ್ಲ ಯಾಕೆ ಇಡ್ತಿದ್ರು ಅಂತ ನನಗೆ ಅವತ್ತು ಸರಿಯಾಗಿ ತಲೆಗೆ ಹೋದದ್ದು.

ಮೊದಲು ಹೋದದ್ದು ಒಂದು ದೊಡ್ಡ ಊರಿನ ಡೇಟಾ ರಿಕವರಿ ಸೆಂಟರಿಗೆ. ಎಸಿ, ಗಾಜಿನ ಬಾಗಿಲು, ಟೋಕನ್. ಫ್ಲಾಪಿ ನೋಡಿ ಅಲ್ಲಿನ ಹುಡುಗ "ಚೆಕ್ ಮಾಡುವ ಮೇಡಂ" ಅಂತ ಬಿಳಿ ಬೂಷ್ಟು ಇದ್ದ ಫ್ಲಾಪಿಯನ್ನೇ ಸೀದಾ ಡ್ರೈವಿಗೆ ತುರುಕಿದ. ಕರಕರ ಅಂತ ಒಂದು ಶಬ್ದ ಬಂತು. ಓದಲಿಲ್ಲ. ಇನ್ನೊಂದು ಹಾಕಿದ, ಅದೂ ಓದಲಿಲ್ಲ. ತೆಗೆದು ನೋಡಿದ್ರೆ ಎರಡರಲ್ಲೂ ಕಂದು ತಟ್ಟೆಯ ಮೇಲೆ ಸುತ್ತ ಗೆರೆ ಬಿದ್ದು ಒಳಗಿನ ಪಾರದರ್ಶಕ ಪ್ಲಾಸ್ಟಿಕ್ ಕಾಣ್ತಾ ಇತ್ತು. "ಡೆಡ್ ಆಗಿದೆ" ಅಂತ ಹೇಳಿ ಚೆಕಿಂಗ್ ಚಾರ್ಜ್ 1200 ರೂಪಾಯಿ ತಗೊಂಡ್ರು. ಅಪ್ಪ ಬಸ್ಸಿನಲ್ಲಿ ಊರಿಗೆ ಬರುವ ತನಕ ಒಂದು ಮಾತು ಆಡಲಿಲ್ಲ. ಆ ಎರಡರಲ್ಲಿ ಒಂದರ ಲೇಬಲಿನಲ್ಲಿ ಅಪ್ಪನ ಅಕ್ಷರದಲ್ಲೇ "ಅಡೂರು, ಮೇ" ಅಂತ ಇತ್ತು, ಅಷ್ಟೇ ಈಗ ನಮ್ಮತ್ರ ಉಳಿದದ್ದು.

ಕಾಸರಗೋಡಿನ ಅಂಗಡಿಯ ವಿಷಯ ಹೇಳಿದ್ದು ನನ್ನ ಜೊತೆ ಕೆಲಸ ಮಾಡುವ ಒಬ್ಬರು. ಹಳೇ ಬಸ್ ಸ್ಟ್ಯಾಂಡಿನಿಂದ ನಡೆದೇ ಹೋಗ್ಬಹುದು, ಮೇಲೆ ಮಲಯಾಳದಲ್ಲಿ ಬೋರ್ಡ್, ಬಾಗಿಲಲ್ಲಿ ಬಿಚ್ಚಿಟ್ಟ ರೇಡಿಯೋ, ಆಂಪ್ಲಿಫೈಯರ್, ಎರಡು ಜನ ನಿಂತ್ರೆ ಮೂರನೆಯವರಿಗೆ ಜಾಗ ಇಲ್ಲ. ಹೆಸರು ಹಾಕ್ಬೇಡಿ, ಈಗಲೇ ಕೆಲಸ ಮುಗೀತಿಲ್ಲ ಅಂತ ಅವರು ಕೈ ಮುಗಿದು ಹೇಳಿದ್ದಕ್ಕೆ ಹಾಕಿಲ್ಲ. ಹಳೇ ಬಸ್ ಸ್ಟ್ಯಾಂಡ್ ಹತ್ರ ಹಳೆ ರೇಡಿಯೋ ರಿಪೇರಿಯವರು ಎಲ್ಲಿ ಅಂತ ಯಾವ ಆಟೋದವರತ್ರ ಕೇಳಿದ್ರೂ ತೋರಿಸ್ತಾರೆ. ನಾವು ಅವರನ್ನು ಅಣ್ಣ ಅಂತಲೇ ಕರೆಯುವುದು. ಮನೆ ಮಾತು ಮಲಯಾಳ, ತುಳು ನಮಗಿಂತ ಚಂದ ಮಾತಾಡ್ತಾರೆ, ಕನ್ನಡ ಓದ್ಲಿಕ್ಕೆ ಸ್ವಲ್ಪ ನಿಧಾನ.

ಅಣ್ಣ ಮೊದಲು ಮಾಡಿದ್ದೆಂತದ್ದು ಅಂದ್ರೆ, ಯಾವ ಯಂತ್ರವನ್ನೂ ಮುಟ್ಟಲಿಲ್ಲ. ಒಂದೊಂದೇ ಫ್ಲಾಪಿ ತೆಗೆದು ಬೆಳಕಿಗೆ ಹಿಡಿದು, ನಡುವಿನ ತೂತಿಗೆ ಬೆರಳಿಟ್ಟು ಒಳಗಿನ ತಟ್ಟೆಯನ್ನು ಮೆಲ್ಲ ತಿರುಗಿಸಿ, ಆ ಉದ್ದದ ಸಂದಿಯಲ್ಲಿ ಭೂತಗನ್ನಡಿ ಇಟ್ಟು ಪೂರ್ತಿ ಒಂದು ಸುತ್ತು ನೋಡಿದ್ರು, ಎರಡೂ ಬದಿ. 41ಕ್ಕೆ ಒಂದೂವರೆ ಗಂಟೆ. ನೋಡಿ ನೋಡಿ ಮೂರು ರಾಶಿ ಮಾಡಿದ್ರು. ಮತ್ತೆ ಅಪ್ಪನತ್ರ "ಮಾಷೇ, ಈ ರಾಶಿ ಸ್ನಾನ ಮಾಡ್ಬೇಕು, ಈಗ ಮಳೆ, ಅಕ್ಟೋಬರ್ ಕಳೀಲಿ" ಅಂದ್ರು. ನಮಗೆ ಅವಸರ, ಆದ್ರೆ ಅವರು ಒಪ್ಪಲೇ ಇಲ್ಲ. ತೊಳೆದದ್ದು ಈ ಹವೆಯಲ್ಲಿ ಪೂರ್ತಿ ಒಣಗುವುದಿಲ್ಲ, ಅರೆ ಒಣಗಿದ್ದನ್ನು ಓದಿದ್ರೆ ಮತ್ತೆ ಅದೇ ಕಥೆ ಅಂತ. ಅಲ್ಲಿಯ ತನಕ 40 ವ್ಯಾಟಿನ ಬಲ್ಬ್ ಉರಿಯುವ ಒಂದು ಮರದ ಪೆಟ್ಟಿಗೆಯಲ್ಲಿ, ಸಿಲಿಕಾ ಜೆಲ್ ಚೀಲದ ಜೊತೆ ಇಟ್ರು.

ಬೂಷ್ಟು ಯಾಕೆ ಅಷ್ಟು ಹಾಳು ಅಂತ ಅವರೇ ವಿವರಿಸಿ ಹೇಳಿದ್ದು ನನಗೆ ಚೆನ್ನಾಗಿ ಅರ್ಥ ಆಯ್ತು. ಫ್ಲಾಪಿಯೊಳಗಿನ ತಟ್ಟೆ ಅಂದ್ರೆ ತೆಳು ಪ್ಲಾಸ್ಟಿಕ್ ಹಾಳೆಯ ಮೇಲೆ ಕಬ್ಬಿಣದ ಆಕ್ಸೈಡಿನ ಪುಡಿಯನ್ನು ಅಂಟಿನಲ್ಲಿ ಕಲಸಿ ಬಳಿದದ್ದು, ಅಷ್ಟೇ. ಡ್ರೈವಿನ ಹೆಡ್, ಅಂದ್ರೆ ಓದುವ ಭಾಗ, ಆ ಬಳಿದದ್ದರ ಮೇಲೆಯೇ ತಾಗಿಕೊಂಡು ಓಡುವುದು, ಗ್ರಾಮಫೋನಿನ ಮುಳ್ಳಿನ ಹಾಗೆ, ನಡುವೆ ಗಾಳಿ ಇಲ್ಲ. ಬೂಷ್ಟು ಇದ್ರೆ ಅದು ಹೆಡ್ಡಿಗೆ ಹಿಡ್ಕೊಳ್ತದೆ, ಒಂದು ಸುತ್ತಿನಲ್ಲಿ ಗಟ್ಟಿಯಾಗ್ತದೆ, ಮುಂದಿನ ಸುತ್ತಿನಲ್ಲಿ ಅದೇ ಉಳಿಯ ಹಾಗೆ ಕಬ್ಬಿಣದ ಪುಡಿಯನ್ನು ಕೆತ್ತಿ ತೆಗೀತದೆ. ನಿಮಿಷಕ್ಕೆ 300 ಸುತ್ತು. ಅಂದ್ರೆ ಆ ಸೆಂಟರಿನ ಹುಡುಗ "ಚೆಕ್" ಮಾಡಿದ ಹತ್ತು ಸೆಕೆಂಡಿನಲ್ಲಿ 50 ಸಲ ಕೆತ್ತಿದ ಹಾಗೆ. ಅಷ್ಟೇ ಅಲ್ಲ, ಒಂದು ಫ್ಲಾಪಿಯಿಂದ ಹೆಡ್ಡಿಗೆ ಹಿಡಿದದ್ದು ಮುಂದಿನ ಒಳ್ಳೆ ಫ್ಲಾಪಿಯನ್ನೂ ಕೆಡಿಸ್ತದೆ, ಎರಡನೆಯದ್ದು ಹೋದದ್ದು ಹಾಗೆಯೇ ಇರ್ಬೇಕು.

ನವೆಂಬರಿನಲ್ಲಿ ತೊಳೆಯುವಾಗ ನಾನು ಒಂದು ದಿನ ರಜೆ ಹಾಕಿ ಹೋಗಿ ನೋಡಿದೆ. ಫ್ಲಾಪಿಯ ಕಪ್ಪು ಕವರಿನ ಒಂದು ಅಂಚನ್ನು ಬ್ಲೇಡಿನಲ್ಲಿ ಸೀಳಿ, ಕೈಗವಸು ಹಾಕಿ ತಟ್ಟೆಯನ್ನು ಹೊರಗೆ ಎಳೆದು, ಡಿಸ್ಟಿಲ್ಡ್ ವಾಟರಿನಲ್ಲಿ ಒಂದು ಹನಿ ಸೋಪು ಹಾಕಿ ಅದರಲ್ಲಿ ಅಲ್ಲಾಡಿಸಿ, ಮತ್ತೆ ಬರೀ ಡಿಸ್ಟಿಲ್ಡ್ ವಾಟರ್, ಹೋಗದ ಕಲೆ ಇದ್ರೆ ಮಾತ್ರ ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ನೂಲು ಬಿಡದ ಬಟ್ಟೆ ಅದ್ದಿ ಮೆಲ್ಲ ಒರೆಸುವುದು, ಅದೂ ಮೊದಲು ಒಳ ಅಂಚಿನಲ್ಲಿ, ಡೇಟಾ ಇಲ್ಲದ ಜಾಗದಲ್ಲಿ ಮುಟ್ಟಿಸಿ ಬಣ್ಣ ಬಿಡ್ತದಾ ನೋಡಿ. ಒಣಗಿದ ಮೇಲೆ ಬೇರೆ ಖಾಲಿ ಫ್ಲಾಪಿಯ ಶುಚಿ ಕವರಿನೊಳಗೆ ಹಾಕಿದ್ರು. ಒಂದೊಂದು ಫ್ಲಾಪಿ ಓದಿದ ಮೇಲೂ ಡ್ರೈವಿನ ಹೆಡ್ ಒರೆಸ್ತಾರೆ. ಇಪ್ಪತ್ತಮೂರು ಫ್ಲಾಪಿಗೆ ಇಪ್ಪತ್ತಮೂರು ಸಲ, ಒಂದು ಸಲವೂ ತಪ್ಪಲಿಲ್ಲ. ನಾನು ಈ ಅಂಗಡಿಗೆ ಪೂರ್ತಿ ಮಾರ್ಕು ಕೊಡುವುದು ಆ ಒಂದು ಕೆಲಸಕ್ಕೇ.

ಡ್ರೈವ್ ಕೂಡ ಅವರೇ ರಿಪೇರಿ ಮಾಡಿದ್ದು. ಗುಜುರಿಯಲ್ಲಿ ಸಿಕ್ಕಿದ 360 ಕೆಬಿ ಡ್ರೈವ್ ಮೂರು, 1.2 ಎಂಬಿ ಡ್ರೈವ್ ಎರಡು, ಎರಡೂ ಬಗೆ 5.25 ಇಂಚಿನ ಫ್ಲಾಪಿಯದ್ದೇ, ನಂಬರು ಫ್ಲಾಪಿಯಲ್ಲಿ ಎಷ್ಟು ಹಿಡೀತದೆ ಅನ್ನುವುದರದ್ದು. ಹೆಡ್ ಹೋಗಿ ಬರುವ ಸಲಾಕೆಯಲ್ಲಿ 30 ವರ್ಷದ ಹಿಂದಿನ ಗ್ರೀಸ್ ಹಲಸಿನ ಮೇಣದ ಹಾಗೆ ಅಂಟಾಗಿರ್ತದಂತೆ, ಅದನ್ನು ಪೂರ್ತಿ ತೆಗೆದು ಹೊಸತಾಗಿ ತೆಳು ಎಣ್ಣೆ ಬಿಡ್ಬೇಕು. ಬೆಲ್ಟ್ ಇರುವ ಡ್ರೈವಿನ ಬೆಲ್ಟ್ ಕರಗಿ ಹೋಗಿರ್ತದೆ. ಹೆಡ್ ಒರೆಸುವಾಗ ಮೇಲಿನ ಹೆಡ್ಡನ್ನು ಜಾಸ್ತಿ ಎತ್ತಿದ್ರೆ ಅದರ ತೆಳು ಸ್ಪ್ರಿಂಗ್ ಬಗ್ಗಿ ಆ ಡ್ರೈವ್ ಕಥೆ ಮುಗೀತು. ನನಗೆ ತುಂಬಾ ಖುಷಿ ಆದದ್ದು ಸ್ಪೀಡ್ ನೋಡುವ ರೀತಿ. ಡ್ರೈವಿನ ಅಡಿಯ ಚಕ್ರದಲ್ಲಿ ಸುತ್ತ ಕಪ್ಪು ಬಿಳಿ ಗೆರೆ ಇರ್ತದೆ, ಒಂದು ಸಾಲು 50 ಹರ್ಟ್ಸಿಗೆ, ಒಂದು ಸಾಲು 60ಕ್ಕೆ. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಹಳೆ ಚೋಕಿನ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗ್ತದೆ, ಆ ಬೆಳಕಿನಲ್ಲಿ ಚಕ್ರ ಸರಿಯಾಗಿ 300 ಸುತ್ತಿನಲ್ಲಿದ್ರೆ ಗೆರೆ ನಿಂತ ಹಾಗೇ ಕಾಣ್ತದೆ, ಸ್ಪೀಡ್ ಹೆಚ್ಚು ಕಮ್ಮಿ ಆದ್ರೆ ಮುಂದೆ ಹಿಂದೆ ತೆವಳ್ತದೆ. ಅಂಗಡಿಯಲ್ಲಿ ಎಲ್ಲ ಕಡೆ ಎಲ್‌ಇಡಿ, ಮೇಜಿನ ಮೇಲೆ ಮಾತ್ರ ಒಂದು ಹಳೆ ಟ್ಯೂಬ್‌ಲೈಟ್ ಯಾಕೆ ಇಟ್ಟಿದ್ದಾರೆ ಅಂತ ಆಗ ಗೊತ್ತಾಯ್ತು. ಸಣ್ಣ ಸ್ಕ್ರೂಡ್ರೈವರಿನಲ್ಲಿ ಒಂದು ಕೂದಲಿನಷ್ಟು ತಿರುಗಿಸಿದ್ರು, ಗೆರೆ ನಿಂತಿತು, ಅಪ್ಪ ಮಕ್ಕಳ ಹಾಗೆ ಚಪ್ಪಾಳೆ ಹೊಡೆದ್ರು.

ಓದುವುದಕ್ಕೆ ಅವರು ಉಪಯೋಗಿಸುವುದು ಗ್ರೀಸ್‌ವೀಜಲ್ ಅನ್ನುವ ಸಣ್ಣ ಬೋರ್ಡ್, ಕೀರ್ ಫ್ರೇಸರ್ ಅನ್ನುವವರು ಮಾಡಿದ್ದು, ಅದರ ಸಾಫ್ಟ್‌ವೇರ್ ಯಾರಿಗೆ ಬೇಕಾದ್ರೂ ಫ್ರೀ. ಒಂದು ಬದಿ ಹಳೆ ಡ್ರೈವಿನ 34 ಪಿನ್ನಿನ ಕೇಬಲ್, ಇನ್ನೊಂದು ಬದಿ ಯುಎಸ್‌ಬಿ. ಸಾಧಾರಣ ಕಂಪ್ಯೂಟರ್ ಫ್ಲಾಪಿ ಓದುವಾಗ ಒಂದು ಸೆಕ್ಟರ್, ಅಂದ್ರೆ ಬರಹದ ಒಂದು ತುಂಡು, ಸರಿ ಇಲ್ಲದಿದ್ರೆ ಎರರ್ ಅಂತ ಹೇಳಿ ಕೈ ತೊಳ್ಕೊಳ್ತದೆ. ಇದು ಹಾಗಲ್ಲ, ಅರ್ಥ ಮಾಡ್ಲಿಕ್ಕೆ ಹೋಗುವುದೇ ಇಲ್ಲ, ತಟ್ಟೆಯಲ್ಲಿ ಅಯಸ್ಕಾಂತದ ದಿಕ್ಕು ಎಲ್ಲೆಲ್ಲಿ ಬದಲಾಗ್ತದೋ ಆ ಒಂದೊಂದು ಬದಲಾವಣೆಯ ನಡುವಿನ ಹೊತ್ತನ್ನು ಅಳೆದು ಬರೆದಿಡ್ತದೆ. ನಮ್ಮ ಈ ಫ್ಲಾಪಿಗಳಲ್ಲಿ ಆ ಹೊತ್ತು 4, 6, 8 ಮೈಕ್ರೋಸೆಕೆಂಡ್ ಹೀಗೆ ಮೂರೇ ಬಗೆ. ಒಂದೊಂದು ಟ್ರ್ಯಾಕನ್ನು, ಅಂದ್ರೆ ತಟ್ಟೆಯ ಸುತ್ತಿನ ಒಂದೊಂದು ಗೆರೆಯನ್ನು, ಐದೈದು ಸುತ್ತು ಓದಿಸಿ ಫೈಲ್ ಮಾಡಿಟ್ರೆ (ಇದಕ್ಕೇ ಫ್ಲಕ್ಸ್ ಇಮೇಜ್ ಅನ್ನುವುದು) ಮತ್ತೆ ಫ್ಲಾಪಿಯನ್ನು ಮುಟ್ಟುವ ಅಗತ್ಯವೇ ಇಲ್ಲ, ಯೋಚನೆ ಏನಿದ್ರೂ ಆ ಫೈಲಿನ ಮೇಲೆ, ಒಂದು ಸುತ್ತಿನಲ್ಲಿ ಸಿಗದ ಸೆಕ್ಟರ್ ಇನ್ನೊಂದು ಸುತ್ತಿನಲ್ಲಿ ಸಿಗ್ತದೆ. ಯಾರತ್ರ ಕೊಡುವುದಿದ್ರೂ ಇದೊಂದು ಪ್ರಶ್ನೆ ಕೇಳಿ, ಮೊದಲು ಫ್ಲಕ್ಸ್ ಇಮೇಜ್ ತೆಗೀತೀರಾ ಅಂತ. ಅದೆಂತ ಅಂತ ಕೇಳಿದ್ರೆ ಫ್ಲಾಪಿ ವಾಪಸ್ ತಗೊಂಡು ಬನ್ನಿ.

ಅಟ್ಟದ 18ರಲ್ಲಿ ಆರು ಫ್ಲಾಪಿ ವಿಚಿತ್ರ ಆಟ ಆಡಿತು. ನೋಡ್ಲಿಕ್ಕೆ ಹೊಸತರ ಹಾಗಿದೆ, ಆದ್ರೂ 360 ಡ್ರೈವಿನಲ್ಲಿ ಓದಿಸಿದ್ರೆ ಬರೀ ಗಲಾಟೆ. ಅಣ್ಣ ಸ್ವಲ್ಪ ಹೊತ್ತು ಆಲೋಚನೆ ಮಾಡಿ "ಮಾಷೇ, ಇದನ್ನು ಬೇರೆ ಎಲ್ಲಾದ್ರೂ ಕಂಪ್ಯೂಟರಿಗೆ ಹಾಕಿ ತಿದ್ದಿದ್ದುಂಟಾ?" ಕೇಳಿದ್ರು. ಹೌದು, 95ರಲ್ಲಿ ಒಂದು ಕಾಲೇಜಿನ ಲ್ಯಾಬಿನಲ್ಲಿ ಕೂತು ತಿದ್ದಿದ್ದು ಅಪ್ಪನಿಗೆ ನೆನಪಾಯ್ತು. ಅಲ್ಲಿದ್ದದ್ದು 1.2 ಎಂಬಿ ಡ್ರೈವ್, ಅದರ ಹೆಡ್ ಸಪೂರ, 360ರದ್ದು ಅಗಲ. ಸಪೂರ ಹೆಡ್ ಹಳೆಯ ಅಗಲ ಗೆರೆಯ ಮೇಲೆ ನಡುವಿನಲ್ಲಿ ಮಾತ್ರ ಹೊಸತು ಬರೆದದ್ದು, ಅಂಚಿನಲ್ಲಿ ಹಳತು ಹಾಗೇ ಉಳಿದಿದೆ, ಈಗ ಅಗಲ ಹೆಡ್ಡಿನಲ್ಲಿ ಓದಿದ್ರೆ ಹಳತು ಹೊಸತು ಎರಡೂ ಒಟ್ಟಿಗೆ ಕೇಳ್ತದೆ. ಅದೇ ಆರು ಫ್ಲಾಪಿಯನ್ನು 1.2 ಡ್ರೈವಿಗೆ ಹಾಕಿದ್ರು, ಆರೂ ಪೂರ್ತಿ ಬಂತು. ನಾನು ಆ ಸೆಂಟರಿನವರನ್ನು ನೆನೆಸಿಕೊಂಡೆ, ಅವರಾಗಿದ್ರೆ ಈ ಆರಕ್ಕೂ ಡೆಡ್ ಅಂತ ಬರೆದು ಕೊಡ್ತಿದ್ರು.

ಈಗ ನಾನು ಬರೀಬೇಕು ಅಂತ ಕೂತ ಮುಖ್ಯ ಸಂಗತಿ. ಫೈಲುಗಳು ಬಂತು, ಸರಿ, ಆದ್ರೆ ತೆಗೆದ್ರೆ ಕನ್ನಡ ಇಲ್ಲ. ತಲೆ ಮೇಲೆ ಟೋಪಿ, ಚುಕ್ಕಿ ಇಟ್ಟ ಇಂಗ್ಲಿಷ್ ಅಕ್ಷರಗಳ ರಾಶಿ. ಅಪ್ಪನ ಮುಖ ಸಣ್ಣದಾಯ್ತು. ಅಣ್ಣ "ನಿಲ್ಲಿ ನಿಲ್ಲಿ" ಅಂತ ಏನೋ ಒಂದು ಪ್ರೋಗ್ರಾಂ ಓಡಿಸಿದ್ರು, ಸ್ಕ್ರೀನ್ ತುಂಬ ಮಲಯಾಳ ಲಿಪಿ ಬಂತು. ನಾವು ಬೇರೆ ಯಾರದ್ದೋ ಫ್ಲಾಪಿ ಅಂತ ಅಂದ್ಕೊಂಡೆವು. ಅಣ್ಣ ಮಾತ್ರ ಕನ್ನಡಕ ಏರಿಸಿ ಮೆಲ್ಲ ಓದ್ಲಿಕ್ಕೆ ಶುರು ಮಾಡಿದ್ರು, ಓದಿದ್ದು ಮಲಯಾಳ ಅಲ್ಲ, ತುಳು. ಪಾಡ್ದನ. ಅಪ್ಪ ಕುರ್ಚಿಯಿಂದ ಎದ್ದೇ ಬಿಟ್ರು. ಅಣ್ಣ ನಿಲ್ಲಿಸಿದ ಕಡೆಯಿಂದ ಮುಂದಿನ ಸಾಲನ್ನು ಅಪ್ಪ ಬಾಯಲ್ಲೇ ಹೇಳಿದ್ರು, ಸ್ಕ್ರೀನಿನಲ್ಲಿ ನೋಡಿದ್ರೆ ಅದೇ ಸಾಲು.

ಹೀಗಾಗ್ಲಿಕ್ಕೆ ಕಾರಣ ಉಂಟು. ಜಿಸ್ಟ್ ಕಾರ್ಡಿನಲ್ಲಿ ಟೈಪ್ ಮಾಡಿದ್ದು ಇಸ್ಕಿ ಅನ್ನುವ ಸಂಕೇತದಲ್ಲಿ ಉಳೀತಿತ್ತು, 1991ರಲ್ಲಿ ಐಎಸ್ 13194 ಅಂತ ಭಾರತದ ಸ್ಟ್ಯಾಂಡರ್ಡ್ ಆದದ್ದು ಅದೇ. ಅದರಲ್ಲಿ ಕನ್ನಡದ ಕ, ಮಲಯಾಳದ ಕ, ತೆಲುಗಿನ ಕ, ಹಿಂದಿಯ ಕ, ಎಲ್ಲದಕ್ಕೂ ಒಂದೇ ನಂಬರು. ಯಾವ ಲಿಪಿಯಲ್ಲಿ ತೋರಿಸ್ಬೇಕು ಅನ್ನುವುದು ನೋಡುವವರ ಆಯ್ಕೆ. ಕೀಬೋರ್ಡೂ ಹಾಗೆಯೇ, ಇನ್‌ಸ್ಕ್ರಿಪ್ಟ್ ಜೋಡಣೆಯಲ್ಲಿ ಎಲ್ಲ ಲಿಪಿಗೂ ಕ ಇರುವುದು ಒಂದೇ ಕೀಲಿಯಲ್ಲಿ. ಅಪ್ಪನ ಫೈಲುಗಳಲ್ಲಿ ಲಿಪಿ ಯಾವುದು ಅನ್ನುವ ಗುರುತು ಇರಲಿಲ್ಲ, ಅಣ್ಣ ಅದಕ್ಕೆ ಮೊದಲು ಯಾವುದೋ ಮಲಯಾಳ ಕಡತ ಮಾಡಿದ್ದರಿಂದ ಪ್ರೋಗ್ರಾಂ ಮಲಯಾಳಕ್ಕೇ ನಿಂತಿತ್ತು. ವಿಂಡೋಸಿನಲ್ಲಿ ಇದಕ್ಕೆ ನಂಬರು ಉಂಟು, ಇಸ್ಕಿ ಕನ್ನಡ 57008, ಇಸ್ಕಿ ಮಲಯಾಳ 57009. ಕೊನೆಯ ಒಂಬತ್ತನ್ನು ಎಂಟು ಮಾಡಿದ್ರು, ಪೂರ್ತಿ ಪುಟ ಕನ್ನಡ ಆಯ್ತು. ಕಾಸರಗೋಡನ್ನು ಸಪ್ತಭಾಷಾ ಸಂಗಮ ಭೂಮಿ ಅಂತ ಭಾಷಣದಲ್ಲಿ ಕೇಳಿ ಕೇಳಿ ಬೆಳೆದವಳು ನಾನು, ಅದನ್ನು ಕಣ್ಣಲ್ಲಿ ನೋಡಿದ್ದು ಆವತ್ತೇ, ತುಳು ಹಾಡು, ಕನ್ನಡ ಮಾಷ್ಟ್ರು ಟೈಪ್ ಮಾಡಿದ್ದು, ಮಲಯಾಳದ ಅಣ್ಣ ಮಲಯಾಳ ಲಿಪಿಯಲ್ಲಿ ಓದಿದ್ದು, ಒಂದಕ್ಷರ ತಪ್ಪದೆ.

ಯೂನಿಕೋಡಿಗೆ, ಅಂದ್ರೆ ಈಗಿನ ಫೋನು ಕಂಪ್ಯೂಟರ್ ಎಲ್ಲ ಬಳಸುವ ಸಂಕೇತಕ್ಕೆ, ಹಾಕುವುದೂ ಕಷ್ಟ ಆಗಲಿಲ್ಲ, ಯಾಕಂದ್ರೆ ಯೂನಿಕೋಡಿನಲ್ಲಿ ನಮ್ಮ ಲಿಪಿಗಳನ್ನು ಜೋಡಿಸಿದ್ದೇ 1988ರ ಇಸ್ಕಿಯನ್ನು ನೋಡಿ. ಈಗ ಅಪ್ಪ ಫೋನಿನಲ್ಲೇ ಅಕ್ಷರ ದೊಡ್ಡದು ಮಾಡಿ ಓದ್ತಾರೆ. ಹಾಡಿನ ನಡುವೆ ಅವರೇ ಹಾಕಿದ ಟಿಪ್ಪಣಿಗಳು ಅಲ್ಲಲ್ಲಿ ಉಂಟು, "ಇಲ್ಲಿ ಅಜ್ಜಿ ನಕ್ಕರು, ಮುಂದಿನ ಸಾಲು ಹೇಳಲಿಲ್ಲ" ಅಂತ ಒಂದು, "ಮಳೆ ಜೋರು, ನಾಳೆ ಪುನಃ ಬರಲು ಹೇಳಿದರು" ಅಂತ ಒಂದು. ಅದನ್ನು ಓದುವಾಗ ನನಗೆ ಗಂಟಲು ಕಟ್ತದೆ.

ಒಂದು ತೊಡಕು, ಪ್ರೆಸ್ಸಿನಲ್ಲೇ ಮಾಡಿದ ಎಲ್ಲ ಫೈಲಿನ ತಾರೀಕು 1980 ಜನವರಿ 1. ಆ ಎಕ್ಸ್‌ಟಿ ಕಂಪ್ಯೂಟರಿಗೆ ಬ್ಯಾಟರಿ ಗಡಿಯಾರ ಇರಲಿಲ್ಲ, ಆನ್ ಮಾಡಿದಾಗೆಲ್ಲ ತಾರೀಕು ಕೇಳ್ತಿತ್ತು, ಅಪ್ಪ ಎಂಟರ್ ಒತ್ತಿ ಮುಂದೆ ಹೋಗ್ತಿದ್ರು, ಡಾಸ್ 1980 ಅಂತಲೇ ಹಾಕಿತು. ಯಾವುದು ಮೊದಲು ಯಾವುದು ಮತ್ತೆ ಅಂತ ಈಗ ಅಪ್ಪ ಅಮ್ಮ ಕೂತು "ಅದು ಇವಳ ಅಜ್ಜಿ ತೀರಿದ ವರ್ಷ", "ಅದು ಬಾವಿ ತೋಡಿದ ಮೇಲೆ" ಅಂತ ಲೆಕ್ಕ ಹಾಕಿ ಲೇಬಲ್ ಬರೀತಾ ಇದ್ದಾರೆ.

ಇನ್ನು ಆ ಹಾರ್ಡ್ ಡಿಸ್ಕ್. 20 ಎಂಬಿಯದ್ದು, ಈಗ ಫೋನಿನಲ್ಲಿ ತೆಗೆಯುವ ನಾಲ್ಕೈದು ಫೋಟೋ ತುಂಬುವಷ್ಟು ಜಾಗ. ಕರೆಂಟು ಕೊಟ್ರೆ ತಿರುಗಲೇ ಇಲ್ಲ. ವರ್ಷಗಟ್ಟಲೆ ಸುಮ್ಮನಿದ್ರೆ ಹೆಡ್ ತಟ್ಟೆಗೆ ಅಂಟಿಕೊಳ್ತದಂತೆ. ಕೆಲವರು ಕುಟ್ಟಿ ಬಿಡಿಸ್ತಾರೆ ಅಂತ ಕೇಳಿದ್ದೆ, ಅಣ್ಣ ಕೇಳಿ ಕೈ ಅಡ್ಡ ಮಾಡಿದ್ರು. ಇದರ ಅಡಿಯಲ್ಲಿ ಮೋಟರಿನ ಚಕ್ರ ಹೊರಗೇ ಕಾಣ್ತದೆ, ಅದನ್ನು ಬೆರಳ ತುದಿಯಲ್ಲಿ ಎಳ್ಳಿನಷ್ಟು ಅತ್ತ ಇತ್ತ ಮಾಡಿ ಮಾಡಿ, ಬಿಟ್ಟದ್ದು ಕೈಗೆ ಗೊತ್ತಾದ ಮೇಲೆ ಕರೆಂಟು ಕೊಟ್ರು. ಕೀಂ ಅಂತ ಕಿವಿ ಹರಿಯುವ ಶಬ್ದದ ಜೊತೆ ತಿರುಗಿತು, ಆ ಶಬ್ದ ಚಕ್ರದ ನಡುವಿಗೆ ಒತ್ತಿಕೊಂಡಿರುವ ಸಣ್ಣ ಅರ್ತಿಂಗ್ ಪಟ್ಟಿಯದ್ದು, ಹೆದರ್ಬೇಕಾಗಿಲ್ಲ ಅಂದ್ರು. ಓದಿದ್ದು ಡೇವಿಡ್ ಗೆಸ್ವೈನ್ ಅನ್ನುವವರು ವಿನ್ಯಾಸ ಮಾಡಿದ ಬೋರ್ಡಿನಲ್ಲಿ, ಬೀಗಲ್‌ಬೋನ್ ಅನ್ನುವ ಪುಟ್ಟ ಕಂಪ್ಯೂಟರಿನ ಮೇಲೆ ಕೂರ್ತದೆ ಅದು. ಈ ಕಾಲದ ಹಾರ್ಡ್ ಡಿಸ್ಕ್ ಬರೆಯುವ ಕ್ರಮ ಅದರ ಕಂಟ್ರೋಲರ್ ಕಾರ್ಡಿಗೆ ತಕ್ಕ ಹಾಗೆ ಇರ್ತದೆ, ಬೇರೆ ಕಾರ್ಡಿಗೆ ಜೋಡಿಸಿದ್ರೆ ತಿಳಿಯುವುದಿಲ್ಲ, ನಮ್ಮ ಮೂಲ ಕಾರ್ಡ್ ಎಲ್ಲಿ ಹೋಯ್ತೋ ಗೊತ್ತಿಲ್ಲ. ಈ ಬೋರ್ಡೂ ಫ್ಲಾಪಿಯ ಹಾಗೆ ಕಚ್ಚಾ ಸಂಕೇತವನ್ನೇ ಹಿಡಿದಿಡುವುದರಿಂದ ಕಾರ್ಡ್ ಬೇಕಾಗಲಿಲ್ಲ.

ಮತ್ತೊಂದು, ಇದರ ಹೆಡ್ ಮೆಟ್ಟಿಲು ಮೆಟ್ಟಿಲಾಗಿ ಹೋಗುವ ಸ್ಟೆಪ್ಪರ್ ಮೋಟರಿನದ್ದು, ಸೆಕೆಗೆ ಲೋಹ ಹಿಗ್ಗಿದ್ರೆ ಗೆರೆ ತಪ್ತದೆ. ಹಾಗಾಗಿ ಆನ್ ಮಾಡಿದ ಕೂಡ್ಲೇ ಒಮ್ಮೆ ಓದಿ, ಫ್ಯಾನ್ ಆಫ್ ಮಾಡಿ ಒಂದೂವರೆ ಗಂಟೆ ಬಿಸಿಯಾಗ್ಲಿಕ್ಕೆ ಬಿಟ್ಟು ಪುನಃ ಓದಿ, ಎರಡನ್ನೂ ಸೇರಿಸಿದ್ರು. ಪ್ರೆಸ್ಸಿನಲ್ಲಿ ಮಲಗಿಸಿ ಇಟ್ಟಿದ್ದ ಡಿಸ್ಕ್, ಇಲ್ಲೂ ಮಲಗಿಸಿಯೇ. ಅದರಲ್ಲಿ ಚಿಕ್ಕಪ್ಪನ ಮದುವೆ ಕಾಗದ, ಬಯಲಾಟದ ನೋಟೀಸು, ಶಾಲೆಯ ಸ್ಮರಣ ಸಂಚಿಕೆ ಎಲ್ಲ ಇತ್ತು. ಅಳಿಸಿ ಹಾಕಿದ ಫೈಲುಗಳೂ ಸುಮಾರು ಸಿಕ್ಕಿತು, ಡಾಸ್ ಅಳಿಸುವಾಗ ಹೆಸರಿನ ಮೊದಲ ಅಕ್ಷರ ಮಾತ್ರ ಬದಲಿಸಿ ಜಾಗ ಖಾಲಿ ಅಂತ ಗುರುತು ಹಾಕ್ತದೆ, ಒಳಗಿನ ಬರಹ ಇನ್ನೊಂದು ಬಂದು ಮೇಲೆ ಕೂರುವ ತನಕ ಅಲ್ಲೇ ಇರ್ತದೆ. ಹಾಳಾದ ಆ ಅಡೂರಿನ ಫ್ಲಾಪಿಯದ್ದು ಸಿಗ್ತದಾ ಅಂತ ಅಣ್ಣ ಎರಡು ರಾತ್ರಿ ಹುಡುಕಿದ್ರಂತೆ. ಸಿಗಲಿಲ್ಲ. ಅದಕ್ಕೆ ಹಣ ತಗೊಳ್ಳಲೂ ಇಲ್ಲ.

ಲೆಕ್ಕ ಹೇಳ್ತೇನೆ. ದೊಡ್ಡ ಫ್ಲಾಪಿ 41ರಲ್ಲಿ 31 ಪೂರ್ತಿ, 6 ಅರ್ಧಂಬರ್ಧ, 4 ಇಲ್ಲ, ಆ ನಾಲ್ಕರಲ್ಲಿ ಎರಡು ನಾನು ಮೊದಲೇ ಹೇಳಿದ್ದು. ಸಣ್ಣ 12ರಲ್ಲಿ 7 ಪೂರ್ತಿ, 2 ಅರ್ಧ, 3 ಇಲ್ಲ. ಹೊಸತು ಹೆಚ್ಚು ಬಾಳ್ಬೇಕಲ್ವಾ ಅಂತ ನಾನು ಕೇಳಿದೆ. ಸಣ್ಣದರಲ್ಲಿ ಅದೇ ಸಣ್ಣ ಜಾಗಕ್ಕೆ 1.44 ಎಂಬಿ ತುರುಕಿದ್ದು, ಗುರುತುಗಳು ಒತ್ತೊತ್ತು, ಕೊನೆ ಕೊನೆಗೆ ಬಂದ ಅಗ್ಗದ ಫ್ಲಾಪಿಗಳು ಮೊದಲಿನವುಗಳಷ್ಟು ಗಟ್ಟಿ ಇರಲಿಲ್ಲ ಅನ್ನುವುದು ಅವರ ಅನುಭವ. ಸೋನಿಯವರೇ 2011ರಲ್ಲಿ ಜಪಾನಿನಲ್ಲಿ ಮಾರುವುದು ನಿಲ್ಲಿಸಿದ ಸಾಮಾನು, ಈಗ ಒಳ್ಳೆಯದು ಹೊಸತು ಸಿಗುವುದೂ ಇಲ್ಲ. ಓದಲು ಸಿಕ್ಕಿದ ಸಣ್ಣ ಫ್ಲಾಪಿಗಳ ಕಥೆ ಇನ್ನೂ ಬೇಜಾರು. ಅದು 97ರ ನಂತರದ್ದು, ಡಿಟಿಪಿ ಫಾಂಟಿನಲ್ಲಿ, ಅಂದ್ರೆ ಅಚ್ಚಿಗೆ ಪುಟ ಜೋಡಿಸುವ ಅಕ್ಷರದಲ್ಲಿ, ಮಾಡಿದ್ದು, ಅಲ್ಲಿ ಅಕ್ಷರಕ್ಕೆ ನಂಬರಲ್ಲ, ಅಕ್ಷರದ ತುಂಡಿಗೆ ನಂಬರು, ತಲೆಕಟ್ಟು ಬೇರೆ, ಕೊಂಬು ಬೇರೆ, ಒತ್ತು ಬೇರೆ, ಅದೂ ಒಂದೊಂದು ಕಂಪನಿಗೆ ಒಂದೊಂದು ಲೆಕ್ಕ. ನುಡಿ, ಬರಹ ಅನ್ನುವ ಸಾಫ್ಟ್‌ವೇರಿನದ್ದಾಗಿದ್ರೆ ಪರಿವರ್ತಕ ಸಿಗ್ತದೆ. ಇದು ಅದಲ್ಲ, ಯಾವ ಫಾಂಟು ಅಂತ ಅಪ್ಪನಿಗೂ ನೆನಪಿಲ್ಲ. 1991ರದ್ದನ್ನು ಫೋನಿನಲ್ಲಿ ಓದ್ತೇವೆ, 1998ರದ್ದು ಕೈಯಲ್ಲಿದ್ದೂ ಓದ್ಲಿಕ್ಕೆ ಆಗ್ತಿಲ್ಲ.

ಹಣ, ಫ್ಲಾಪಿ ಒಂದಕ್ಕೆ 200, ತೊಳೆಯುವುದಿದ್ರೆ 100 ಮೇಲೆ, ಬಾರದಿದ್ರೆ ಏನೂ ಇಲ್ಲ, ಅರ್ಧ ಬಂದ್ರೆ ಅರ್ಧ. ಹಾರ್ಡ್ ಡಿಸ್ಕಿಗೆ 3500. ನನ್ನ ಪ್ರಕಾರ ಕಮ್ಮಿಯೇ.

ಕೊರತೆ ಇಲ್ಲ ಅಂತ ಅಲ್ಲ. ಫೋನ್ ಎತ್ತುವುದಿಲ್ಲ, ವಾಟ್ಸಾಪ್ ನೋಡುವುದು ರಾತ್ರಿ ಹತ್ತರ ಮೇಲೆ. ಆಗಸ್ಟಿನಲ್ಲಿ ಕೊಟ್ಟದ್ದು ಕೈಗೆ ಬಂದದ್ದು ಜನವರಿಯಲ್ಲಿ, ಮಳೆಯ ಕಾರಣ ಸರಿ, ಆದ್ರೂ ನಡುವೆ ಒಂದು ತಿಂಗಳು ಏನೂ ಸುದ್ದಿ ಇರಲಿಲ್ಲ, ಅಪ್ಪನಿಗೆ ನಿದ್ದೆ ಬರ್ತಿರಲಿಲ್ಲ. ರಶೀದಿ ಅಂತ ಕೊಡುವುದು ಒಂದು ಚೀಟಿ. ಪೆನ್‌ಡ್ರೈವಿನಲ್ಲಿ ಕೊಟ್ಟ ಫೋಲ್ಡರುಗಳಿಗೆ ಬರೀ ನಂಬರು, ಯಾವ ನಂಬರು ಯಾವ ಫ್ಲಾಪಿ ಅಂತ ನಾನು ಲೇಬಲಿನ ಫೋಟೋ ತೆಗೆದಿಟ್ಟದ್ದಕ್ಕೆ ಗೊತ್ತಾಯ್ತು, ನೀವು ಹೋದ್ರೆ ಕೊಡುವ ಮೊದಲೇ ಎಲ್ಲ ಲೇಬಲಿನ ಫೋಟೋ ತೆಗೆದು ನಂಬರು ಹಾಕಿ ಇಟ್ಕೊಳ್ಳಿ. ಲೇಬಲಿನ ಮೇಲೆ ಬಾಲ್ ಪೆನ್ನಿನಲ್ಲಿ ಒತ್ತಿ ಬರೆಯಬೇಡಿ, ಒಳಗಿನ ತಟ್ಟೆಗೆ ಗೀರು ಬೀಳ್ತದೆ, ಬೇರೆ ಕಾಗದದಲ್ಲಿ ಬರೆದು ಕವರಿಗೆ ಹಾಕಿ. ಮಳೆಗಾಲದಲ್ಲಿ ಕೊಟ್ರೆ ಮಳೆಗಾಲ ಕಳೆಯುವ ತನಕ ಕೇಳ್ಬೇಡಿ.

ಅಣ್ಣನಿಗೆ ಈಗ 360 ಕೆಬಿ ಡ್ರೈವಿನದ್ದೇ ದೊಡ್ಡ ಕಷ್ಟ, ಮೂರರಲ್ಲಿ ಒಂದರ ಮೇಲಿನ ಹೆಡ್ ಹೋಗಿದೆ, ತೊಳೆದದ್ದನ್ನು ಹಾಕ್ಲಿಕ್ಕೆ ಖಾಲಿ ಫ್ಲಾಪಿಯ ಕವರೂ ಮುಗೀತಾ ಬಂತು. ಮಂಜೇಶ್ವರ, ಉಪ್ಪಳ, ಕುಂಬಳೆ, ಬದಿಯಡ್ಕ ಕಡೆ ಹಳೆ ಪ್ರೆಸ್ಸು, ಸೊಸೈಟಿ, ಶಾಲೆಯ ಸ್ಟೋರ್ ರೂಮಿನಲ್ಲಿ ಅಂಥ ಕಂಪ್ಯೂಟರ್ ಬಿದ್ದಿದ್ರೆ, ಕೆಟ್ಟದ್ದಾದ್ರೂ ಅಡ್ಡಿಯಿಲ್ಲ, ಗುಜುರಿಯವರಿಗೆ ತೂಕಕ್ಕೆ ಹಾಕುವ ಮೊದಲು ಒಮ್ಮೆ ಹಳೇ ಬಸ್ ಸ್ಟ್ಯಾಂಡ್ ಹತ್ರ ತಗೊಂಡು ಹೋಗಿ. ಗುಜುರಿಯವರು ಕೊಡುವಷ್ಟು ಅವರೂ ಕೊಡ್ತಾರೆ. ಮಧ್ಯಾಹ್ನ ಒಂದರಿಂದ ಮೂರರ ತನಕ ಬಾಗಿಲು ಹಾಕಿರ್ತದೆ.